‘ಸೋಮವಾರ ಕೊಡುತ್ತೇನೆ’ ಎನ್ನುವುದನ್ನು ಬಿಟ್ಟ ಮೇಲೆ

ಮಂಗಳೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿಯಿದೆ. ರವಿಕೆ ಹೊಲಿಯುವವರಿಗೆ ಭಾನುವಾರವೆಂದರೆ ಸುಗ್ಗಿ. ವಾರವಿಡೀ ಕಚೇರಿಗೆ ಹೋಗುವ ಹೆಂಗಸರು ಅಳತೆ ಕೊಡಲು ಬರುವುದು ಅಂದೇ. ಅಂಥ ದಿನ ಬಾಗಿಲು ಹಾಕಿದರೆ ಬಾಡಿಗೆ ಕಟ್ಟುವುದು ಹೇಗೆ ಎಂದು ಮೊದಲು ಕೇಳಿದವರು ನಮ್ಮ ಚರ್ಚಿನ ಸಭೆಯವರೇ.

ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಮನೆ. ಅಜ್ಜಿ ಶನಿವಾರ ಸಂಜೆಯೇ ಹೊಲಿಗೆ ಯಂತ್ರಕ್ಕೆ ಹಳೆಯ ಸೀರೆಯ ಮುಸುಕು ಹಾಕುತ್ತಿದ್ದರು. ಭಾನುವಾರ ಅಂಗಿಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಆರಾಧನೆಗೆ ಹೋಗಬೇಕಿತ್ತು. ಅದೇ ಅಜ್ಜಿ ಆರಾಧನೆ ಮುಗಿಸಿ ಬಂದು ಹನ್ನೆರಡು ಜನಕ್ಕೆ ಕೋಳಿ ಸಾರು ಮಾಡಿ, ಆಮೇಲೆ ಪಾತ್ರೆ ತಿಕ್ಕುತ್ತಿದ್ದರು. ಸಬ್ಬತ್ತನ್ನು, ಎಂದರೆ ವಾರದ ವಿಶ್ರಾಂತಿಯ ದಿನವನ್ನು, ಪಾಲಿಸಬೇಕೆನ್ನುವುದು ಬೈಬಲಿನ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು. ಆ ಆಜ್ಞೆಯಲ್ಲಿ (ಕಥೋಲಿಕರ ಎಣಿಕೆಯಲ್ಲಿ ಅದು ಮೂರನೆಯದು) ಮಗ, ಮಗಳು, ದಾಸ, ದಾಸಿ, ದನಕರು, ಊರಲ್ಲಿರುವ ಪರದೇಶಿ ಎಲ್ಲರಿಗೂ ವಿಶ್ರಾಂತಿಯುಂಟು; ಹೆಂಡತಿಯ ಹೆಸರು ಮಾತ್ರ ಇಲ್ಲ. ‘ನೀನು’ ಎಂಬುದರಲ್ಲೇ ಅವಳೂ ಸೇರಿದ್ದಾಳೆ ಎಂದು ಬೋಧಕರು ಹೇಳುತ್ತಾರೆ. ಸೇರಿರಬಹುದು. ನಮ್ಮ ಅಡುಗೆಮನೆಗೆ ಆ ಸುದ್ದಿ ಮುಟ್ಟಿರಲಿಲ್ಲ.

ಹಾಗಾಗಿ ನಾನು ಶುರು ಮಾಡಿದ್ದು ಅಡುಗೆಮನೆಯಿಂದ. ಶನಿವಾರ ರಾತ್ರಿಯೇ ಕೋಳಿ ಸಾರು ಮಾಡಿಡುತ್ತೇನೆ. ಭಾನುವಾರ ಅಂಗಡಿಯಿಂದ ತಂದ ಕೋರಿ ರೊಟ್ಟಿಯ ಪೊಟ್ಟಣ ಬಿಚ್ಚಿ, ಗರಿಗರಿ ರೊಟ್ಟಿ ಮುರಿದು, ಮೇಲೆ ಬಿಸಿ ಸಾರು ಸುರಿದರೆ ಊಟವಾಯಿತು. ಸಾರು ಬಿಸಿ ಮಾಡುವುದು, ತಟ್ಟೆ ತೊಳೆಯುವುದು ಯಜಮಾನರ ಪಾಲು. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದು ಎಂದು ವಿಮೋಚನಕಾಂಡದ 35ನೆಯ ಅಧ್ಯಾಯದಲ್ಲಿದೆಯಲ್ಲ ಎಂದು ಅವರು ಒಮ್ಮೆ ಗ್ಯಾಸ್ ಒಲೆಯ ಮುಂದೆ ನಿಂತು ನೆನಪಿಸಿದರು. ಬೈಬಲಿನಲ್ಲಿ ಅವರಿಗೆ ಅಷ್ಟು ಆಸಕ್ತಿ ಹುಟ್ಟಿದ್ದು ಅಂದೇ ಮೊದಲು.

ಅಂಗಡಿ ಮುಚ್ಚತೊಡಗಿದಾಗ ಚಿಕ್ಕಪ್ಪನ ಮಗ ಬೇರೊಂದು ತಕರಾರು ತೆಗೆದ. ಅವನು ಈಗ ಬೈಬಲಿನ ಏಳನೆಯ ದಿನವಾದ ಶನಿವಾರವನ್ನೇ ಸಬ್ಬತ್ತೆಂದು ಆಚರಿಸುವ ಸೆವೆಂತ್ ಡೇ ಅಡ್ವೆಂಟಿಸ್ಟರ ಸಭೆಗೆ ಹೋಗುತ್ತಾನೆ. “ಅಕ್ಕ, ಸಬ್ಬತ್ತನ್ನು ಭಾನುವಾರಕ್ಕೆ ಬದಲಾಯಿಸಿದ ಒಂದೇ ಒಂದು ವಚನ ತೋರಿಸು” ಎಂದ. ತೋರಿಸಲಾಗಲಿಲ್ಲ, ಅಂಥ ವಚನವಿಲ್ಲ. ಆದರೆ ಕ್ರಿ.ಶ. 321ರಲ್ಲಿ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ದಿನ ಬದಲಾಯಿಸಿದ ಎಂಬ ಅವನ ಮಾತೂ ನಿಲ್ಲುವುದಿಲ್ಲ. ಚಕ್ರವರ್ತಿ ಮಾಡಿದ್ದು ಪಟ್ಟಣದವರಿಗೆ ರಜೆಯ ಕಾನೂನು. ಹೊಲ ಗೇಯುವವರಿಗೆ ಆ ರಜೆಯೂ ಕಡ್ಡಾಯವಿರಲಿಲ್ಲ. ಅದಕ್ಕಿಂತ ನೂರೈವತ್ತು ವರ್ಷಕ್ಕೂ ಹಿಂದೆಯೇ ಕ್ರೈಸ್ತರು ಭಾನುವಾರ ಕೂಡಿಬರುತ್ತಿದ್ದುದನ್ನು ರಕ್ತಸಾಕ್ಷಿ ಜಸ್ಟಿನ್ ಬರೆದಿಟ್ಟಿದ್ದಾನೆ. ಕರ್ತನಾದ ಯೇಸು ಸಾವಿನಿಂದ ಎದ್ದುಬಂದ ದಿನವೆಂದು ಕೂಡಿಬರುತ್ತಿದ್ದರು, ಅಷ್ಟೇ. ಮಿಕ್ಕವರಿಗೆ ಅದು ದುಡಿಮೆಯ ದಿನವೇ. ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮ್ಮನ್ನು ದೋಷಿಗಳೆಂದು ತೀರ್ಪು ಮಾಡದಿರಲಿ ಎಂಬ ಅರ್ಥದಲ್ಲಿ ಪೌಲನು ಕೊಲೊಸ್ಸೆಯವರಿಗೆ ಬರೆದಿದ್ದಾನೆ. ಆದ್ದರಿಂದ ಇದು ಎಲ್ಲ ಕ್ರೈಸ್ತರಿಗೂ ಕಡ್ಡಾಯ ಎಂದು ನಾನು ಹೇಳಲಾರೆ. ನನಗೆ ಬೇಕು, ಇಟ್ಟುಕೊಂಡಿದ್ದೇನೆ.

ಇಟ್ಟುಕೊಂಡಿದ್ದೇನೆ ಎಂದು ಎರಡು ವರ್ಷ ನಂಬಿದ್ದೆ ಎನ್ನಬೇಕು. ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಹುಡುಗಿ ನಾಲ್ಕು ಸೀರೆಗಳ ಚೀಲವನ್ನು ಮೇಜಿನ ಮೇಲಿಟ್ಟಳು. ಶನಿವಾರ ಫಾಲ್ ಹಚ್ಚಲೆಂದು ನಾನೇ ಮನೆಗೆ ಕೊಟ್ಟು ಕಳುಹಿಸಿದ್ದೆ. ಒಂದು ಸೀರೆಯ ಅಂಚಿನಲ್ಲಿ ಸಾಸಿವೆಯಷ್ಟು ರಕ್ತದ ಕಲೆ. “ರಾತ್ರಿ ಹನ್ನೊಂದಾಗಿತ್ತು ಅಕ್ಕ, ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ” ಎಂದಳು. ಹಿಂದಿನ ದಿನ ನಾನು ಬೆಂಚಿನಲ್ಲಿ ಕುಳಿತು ಕೀರ್ತನೆ ಹಾಡುತ್ತಿದ್ದಾಗ ಅವಳು ನನ್ನ ಕೆಲಸ ಮಾಡುತ್ತಿದ್ದಳು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಇದೇ ಆಜ್ಞೆಗೆ ಬೇರೊಂದು ಕಾರಣ ಕೊಟ್ಟಿದೆ: ಐಗುಪ್ತದಲ್ಲಿ ನೀನೂ ದಾಸನಾಗಿದ್ದೆ, ನಿನ್ನ ಹಾಗೆಯೇ ನಿನ್ನ ದಾಸದಾಸಿಯರೂ ದಣಿವಾರಿಸಿಕೊಳ್ಳಬೇಕು. ಎಷ್ಟೋ ಸಲ ಓದಿದ್ದ ಭಾಗ ಅದು. ಕಲೆಯನ್ನು ತಣ್ಣೀರಿನಲ್ಲಿ ಉಜ್ಜುತ್ತಾ ನಿಂತಾಗ ನೆನಪಾಯಿತು.

ಅಂದಿನಿಂದ ರಸೀದಿ ಪುಸ್ತಕದಲ್ಲಿ ಸೋಮವಾರದ ತಾರೀಕು ಬರೆಯುವುದನ್ನು ಬಿಟ್ಟೆ. ಸೋಮವಾರ ಕೊಡುತ್ತೇನೆ ಎಂದರೆ ಭಾನುವಾರ ಯಾರೋ ಹೊಲಿಯುತ್ತಾರೆ ಎಂದೇ ಅರ್ಥ. ಈಗ ಬುಧವಾರಕ್ಕಿಂತ ಮೊದಲು ಏನನ್ನೂ ಕೊಡುವುದಿಲ್ಲ. ಕೆಲವು ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಒಂದು ಸಲ ಮಾತ್ರ ನಿಯಮ ಮುರಿದೆ. ಮರುದಿನ ಮದುವೆಯಿದ್ದ ಹುಡುಗಿಯೊಬ್ಬಳು, ರವಿಕೆ ತೋಳಿನಲ್ಲಿ ಬಿಗಿಯಾಯಿತೆಂದು, ಭಾನುವಾರ ಅಳುತ್ತಾ ಮನೆಗೇ ಬಂದಿದ್ದಳು. ಗುಂಡಿಗೆ ಬಿದ್ದ ಕುರಿಯನ್ನು ಸಬ್ಬತ್ತಿನಲ್ಲೂ ಮೇಲಕ್ಕೆತ್ತುವುದಿಲ್ಲವೇ ಎಂದು ಯೇಸು ಕೇಳಿದ್ದುಂಟು. ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅರ್ಧ ಇಂಚು ಸಡಿಲಿಸಿಕೊಟ್ಟೆ. ಹಣ ಮಾತ್ರ ತೆಗೆದುಕೊಳ್ಳಲಿಲ್ಲ.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಇನ್ನೊಂದಿತ್ತು. ಮನೆಗೆ ಕೆಲಸ ಕೊಡುವುದನ್ನು ನಿಲ್ಲಿಸಿದ ಮೂರನೆಯ ವಾರ ಹುಡುಗಿ ಕೇಳಿದಳು: “ರಜೆ ಒಳ್ಳೆಯದೇ ಅಕ್ಕ, ಆದರೆ ಆ ಸೀರೆಗಳ ದುಡ್ಡು?” ಅವಳಿಗೆ ಸೀರೆಗೆ ಇಷ್ಟು ಎಂದು ಕೊಡುತ್ತಿದ್ದೆ. ನನ್ನ ಸಬ್ಬತ್ತಿನ ಖರ್ಚು ಅವಳ ಕೈಯಿಂದ ಹೋಗುತ್ತಿತ್ತು. ಈಗ ತಿಂಗಳ ಸಂಬಳ ಮಾಡಿದ್ದೇನೆ, ಆ ನಾಲ್ಕು ಭಾನುವಾರಗಳದ್ದನ್ನೂ ಸೇರಿಸಿ. ಅವಳು ಭಾನುವಾರ ಬೇರೆ ಕಡೆಯ ಹೊಲಿಗೆ ಹಿಡಿಯುತ್ತಾಳೋ, ಮಲಗುತ್ತಾಳೋ, ನಾನು ಕೇಳುವುದಿಲ್ಲ.