ನ್ಯಾಷನಲ್ ಪಾರ್ಕಿನ ಗೋಡೆ ಪಕ್ಕದ ಬೆಕ್ಕುಗಳು: ನನ್ನ ಅನುಭವ

ಬೊರಿವಲಿ ಪೂರ್ವದಲ್ಲಿ ನಮ್ಮ ಸೊಸೈಟಿಯ ಹಿಂದಿನ ಗೋಡೆ ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಮುಂಬಯಿಯೊಳಗೆ ನೂರು ಚದರ ಕಿಲೋಮೀಟರಿಗೂ ಜಾಸ್ತಿ ಕಾಡು. ಅಲ್ಲಿನ ಚಿರತೆಯ ಸುದ್ದಿ ಎಲ್ಲರಿಗೂ ಗೊತ್ತು. ರಸ್ಟಿ ಸ್ಪಾಟೆಡ್ ಕ್ಯಾಟ್ ಅನ್ನುವ ಪುಟ್ಟ ಕಾಡುಬೆಕ್ಕು ಕೂಡ ಅಲ್ಲೇ ಇದೆ ಅಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಅದೊಂದು, ತೂಕ ಹೆಚ್ಚೆಂದರೆ ಒಂದೂವರೆ ಕಿಲೋ ಆಸುಪಾಸು. ನಮ್ಮ ಪಾರ್ಕಿಂಗ್‌ನಲ್ಲಿ ಬಿದ್ದುಕೊಂಡಿರುವ ಗಡವ ಬೆಕ್ಕು ಅದಕ್ಕಿಂತ ಎರಡು ಪಟ್ಟು ದೊಡ್ಡದು. ಬೀದಿ ಬೆಕ್ಕುಗಳಲ್ಲಿ ಹರಡುವ ಪ್ಯಾನ್‌ಲ್ಯೂಕೋಪೀನಿಯಾದಂಥ ಮಾರಕ ವೈರಸ್ ರೋಗ ಕಾಡುಬೆಕ್ಕುಗಳಿಗೂ ತಗಲುತ್ತದೆ.

ಊರಿನ ಮಧ್ಯೆ ಬೆಕ್ಕುಗಳನ್ನು ಹಿಡಿದು, ಮರಿ ಆಗದಂತೆ ಆಪರೇಷನ್ ಮಾಡಿಸಿ, ಹಿಡಿದಲ್ಲೇ ಬಿಡೋದು ಸರಿಯಾದ ಕ್ರಮ. ಕಾಡಿನ ಅಂಚಿನಲ್ಲಿ ಅಷ್ಟೇ ಸಾಲದು. ಆಪರೇಷನ್ ಆದ ಬೆಕ್ಕು ಮರಿ ಹಾಕುವುದಿಲ್ಲ, ನಿಜ. ಆದರೆ ಓತಿಕ್ಯಾತ, ಹಾವುರಾಣಿ, ನೆಲದ ಮೇಲೆ ಮೊಟ್ಟೆ ಇಡುವ ಟಿಟ್ಟಿಭದ ಮರಿ, ಇವನ್ನೆಲ್ಲ ಹಿಡಿಯೋದನ್ನೇನೂ ಬಿಡುವುದಿಲ್ಲ. ಅದಕ್ಕೇ ನಾವು ಬೋನಿಗೆ ಕೈ ಹಾಕುವ ಮೊದಲು ಊಟದ ಬಟ್ಟಲಿಗೆ ಕೈ ಹಾಕಿದೆವು.

ಬೆಕ್ಕು ಎಲ್ಲಿ ಉಣ್ಣುತ್ತದೋ ಅಲ್ಲೇ ಠಿಕಾಣಿ ಹೂಡುತ್ತದೆ. ನಮ್ಮಲ್ಲಿ ಊಟ ಬೀಳುತ್ತಿದ್ದದ್ದು ಗೋಡೆಯ ಬುಡದಲ್ಲಿ, ಅದೂ ರಾತ್ರಿ ಹೊತ್ತು. ಬಿ ವಿಂಗ್‌ನ ಕುಂದಾಪುರದ ಅಕ್ಕ ಹಾಲನ್ನ ಕಲಸಿ ಇಡುತ್ತಿದ್ದರು. ರಸ್ತೆ ತಿರುವಿನ ಹೋಟೆಲಿನಿಂದ ಉಳಿದಿದ್ದೂ ಬರುತ್ತಿತ್ತು. ಅದಕ್ಕೆ ಬೆಕ್ಕು, ನಾಯಿ, ಹೆಗ್ಗಣ ಎಲ್ಲ ಬರುತ್ತಿದ್ದವು. ನಾಯಿ ಅಂದರೆ ಚಿರತೆಗೆ ಊಟ. ಸೊಸೈಟಿಯವರಿಗೆ ಹಕ್ಕಿ, ಹಲ್ಲಿ ಅಂತ ಹೇಳಿದರೆ ತಲೆ ಆಡಿಸಿ ಸುಮ್ಮನಾಗುತ್ತಾರೆ. ಚಿರತೆ ಅಂದ ಕೂಡಲೇ ಮೀಟಿಂಗ್ ಕರೆದರು!

ಅಕ್ಕನನ್ನು ಒಪ್ಪಿಸೋದು ಬೇರೆಯೇ ಕೆಲಸ. “ಮೂಕಪ್ರಾಣಿ ಮಾರಾಯ್ತಿ, ಹಸಿದುಕೊಂಡು ಸಾಯ್ಬೇಕಾ?” ಅಂದರು. “ಊಟ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ ಅಕ್ಕಾ. ಜಾಗ ಬದಲಾಯಿಸಿ, ಹೊತ್ತು ಬದಲಾಯಿಸಿ, ಅಷ್ಟೇ” ಅಂದೆ. ಬಟ್ಟಲನ್ನು ದಿನಾ ನಾಲ್ಕೈದು ಹೆಜ್ಜೆ ಈಚೆಗೆ ಸರಿಸುತ್ತಾ, ಗೋಡೆಯಿಂದ ಪಾರ್ಕಿಂಗ್‌ಗೆ, ಅಲ್ಲಿಂದ ಮುಂಬಾಗಿಲಿನ ಪಂಪ್ ರೂಮಿನ ಹತ್ತಿರಕ್ಕೆ ತಂದೆವು. ಒಮ್ಮೆಲೇ ಜಾಗ ಬದಲಿಸಿದರೆ ಅರ್ಧ ಬೆಕ್ಕುಗಳು ಹಿಂಬಾಲಿಸುವುದೇ ಇಲ್ಲ. ಊಟ ಬೆಳಿಗ್ಗೆ ಮಾತ್ರ. ಅರ್ಧ ಗಂಟೆ ಬಿಟ್ಟು ಬಟ್ಟಲು ಎತ್ತಿ ತೊಳೆಯಬೇಕು. ಹಾಲನ್ನದ ಬದಲು ಬೇಯಿಸಿದ ಬಂಗುಡೆ ಶುರುವಾಯಿತು. 2021ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು ಸಾಕಿದ ಬೆಕ್ಕುಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಮಾಂಸ ಜಾಸ್ತಿ ಇರುವ ಊಟ ಕೊಟ್ಟಾಗ ಅವು ಮನೆಗೆ ತರುವ ಬೇಟೆ ಶೇಕಡಾ 36ರಷ್ಟು ಇಳಿದಿತ್ತು. ದಿನಕ್ಕೆ ಐದು ಹತ್ತು ನಿಮಿಷ ಆಟ ಆಡಿಸಿದಾಗ ಶೇಕಡಾ 25ರಷ್ಟು. ಬೀದಿ ಬೆಕ್ಕಿಗೆ ಇದೇ ಲೆಕ್ಕ ಹೇಳಲಾಗದು. ಆದರೂ ಹಾಲನ್ನ ತಿಂದ ಬೆಕ್ಕು ಬೇಟೆಗೆ ಹೊರಡುತ್ತದೆ ಅನ್ನೋದು ಅಕ್ಕನಿಗೇ ಗೊತ್ತಿತ್ತು.

ಬೆಕ್ಕುಗಳೆಲ್ಲ ಪಂಪ್ ರೂಮಿನ ಹತ್ತಿರ ನೆಲೆಯಾದ ಮೇಲೆ ಬೋನು ಇಟ್ಟೆವು. ಹಾಗಾಗಿ ಹಿಡಿದದ್ದೂ ಅಲ್ಲೇ, ವಾಪಸ್ ಬಿಟ್ಟದ್ದೂ ಅಲ್ಲೇ. ಗೋಡೆ ಆಚೆ ಬೋನು ಒಯ್ಯುವ ಯೋಚನೆಯೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಅಂತ ಕರೆಯುವುದರಲ್ಲಿ ಬಂದೂಕು, ಬಲೆಯ ಜೊತೆ ಬೋನೂ ಸೇರಿದೆ. ಅನುಮತಿ ಇಲ್ಲದೆ ಅದನ್ನು ಹಿಡಿದುಕೊಂಡು ಪಾರ್ಕಿನೊಳಗೆ ಹೋದರೆ ಅಪರಾಧ. ಒಳಗೆ ಬೆಕ್ಕು ಕಂಡರೆ ಅರಣ್ಯ ಇಲಾಖೆಗೆ ಹೇಳುವುದಷ್ಟೇ ನಮ್ಮ ಕೆಲಸ.

ಬೋನಿನ ತಳದ ತಂತಿಯ ಮೇಲೆ ಕಾಲಿಡಲು ಬೆಕ್ಕು ಹಿಂಜರಿಯುತ್ತದೆ. ಪೇಪರ್ ಹಾಸಬೇಕು. ತುಳಿದರೆ ಬಾಗಿಲು ಬೀಳುವ ತಟ್ಟೆ ಇರುತ್ತದಲ್ಲ, ಮೀನಿನ ತಲೆ ಅದರ ಆಚೆಗಿರಬೇಕು. ಬಾಗಿಲಿನಿಂದ ಅಲ್ಲಿವರೆಗೆ ಮೀನು ಬೇಯಿಸಿದ ನೀರನ್ನು ಚಿಮುಕಿಸಿದರೆ ಮೂಸುತ್ತಾ ಒಳಗೆ ಹೋಗುತ್ತದೆ. ಬಾಗಿಲು ಬಿದ್ದ ಕ್ಷಣ ಬೆಕ್ಕು ರಪರಪ ಅಂತ ಬಡಿದುಕೊಳ್ಳುತ್ತದೆ. ತಡಮಾಡದೆ ಹಳೇ ಬೆಡ್‌ಶೀಟ್ ಹೊದಿಸಿ, ಕತ್ತಲಾದರೆ ತಣ್ಣಗಾಗುತ್ತದೆ. ಹೆಣ್ಣು ಸಿಕ್ಕರೆ ಹೊಟ್ಟೆ ಕಡೆ ನೋಡಿ. ಮೊಲೆತೊಟ್ಟಿನ ಸುತ್ತ ಕೂದಲು ಉದುರಿ ಬೋಳಾಗಿದ್ದರೆ ಎಲ್ಲೋ ಹಾಲು ಕುಡಿಯುವ ಮರಿಗಳಿವೆ. ಅಂಥದ್ದನ್ನು ಬೋನಿನಿಂದ ಬಿಟ್ಟು, ಅದರ ಹಿಂದೆಯೇ ಹೋಗಿ, ಮರಿ ಎಲ್ಲಿವೆ ಅಂತ ಪತ್ತೆ ಹಚ್ಚಿಕೊಳ್ಳಬೇಕು. ಎರಡು ತಿಂಗಳೊಳಗಿನ ಮರಿ ಮನುಷ್ಯರಿಗೆ ಬೇಗ ಒಗ್ಗುತ್ತದೆ, ಮನೆ ಹುಡುಕಬಹುದು.

ಗುಂಪನ್ನು ಒಟ್ಟಿಗೇ ಮುಗಿಸಬೇಕು. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು, ಸುಮಾರು ಎರಡು ತಿಂಗಳಲ್ಲಿ ಮರಿ. ಒಂದೆರಡು ಹೆಣ್ಣು ಉಳಿದರೂ ವರ್ಷದೊಳಗೆ ಮೊದಲಿನ ಲೆಕ್ಕಕ್ಕೇ ಬರುತ್ತೇವೆ. ನಮ್ಮ ಡಾಕ್ಟರ್ ಪಕ್ಕೆಯಲ್ಲಿ ಕೊಯ್ಯುತ್ತಾರೆ. ಬೆಕ್ಕನ್ನು ಬಿಟ್ಟ ಮೇಲೂ ಗಾಯ ದೂರದಿಂದ ಕಾಣುತ್ತದೆ, ನನಗೆ ಅದೇ ಅನುಕೂಲ. ಅದೇ ಅರಿವಳಿಕೆಯಲ್ಲಿ ಎಡಗಿವಿಯ ತುದಿ ಕತ್ತರಿಸಿ ಗುರುತು ಮಾಡಿ, ರೇಬೀಸ್ ಮತ್ತು ಪ್ಯಾನ್‌ಲ್ಯೂಕೋಪೀನಿಯಾ ಲಸಿಕೆ ಹಾಕಿಸುತ್ತೇವೆ. ಕಾಡಿನ ಪಕ್ಕ ಇರುವವರು ಲಸಿಕೆಯಲ್ಲಿ ಉಳಿತಾಯ ಮಾಡಲೇಬಾರದು.

ನನಗೆ ಸಿಟ್ಟು ಬರುವುದು ಒಂದೇ ಮಾತಿಗೆ: “ಕಾಡಲ್ಲಿ ಬಿಟ್ಟುಬಿಡಿ, ಹೇಗೋ ಬದುಕಿಕೊಳ್ತವೆ.” ಚೀಲದಲ್ಲಿ ಮರಿ ತುಂಬಿ ಪಾರ್ಕಿನ ಗೇಟಿಗೆ ತರುವವರೂ ಇದ್ದಾರೆ. ಅವು ಬದುಕಿದರೆ ಕಾಡಿನ ಜೀವಿಗಳಿಗೆ ಕೇಡು, ಸತ್ತರೆ ಮರಿಗಳಿಗೆ ಹಿಂಸೆ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ. ಇದನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆದು ಲಿಫ್ಟಿನ ಪಕ್ಕ ಅಂಟಿಸಿದ್ದೇವೆ.

ಈಗ ಗೋಡೆ ಬುಡದಲ್ಲಿ ಬೆಕ್ಕು ಕಾಣೋದು ಅಪರೂಪ. ಕಿವಿ ಕತ್ತರಿಸದ ಒಂದು ಹಳದಿ ಗಡವ ಮಾತ್ರ ಬರುತ್ತಾನೆ. ಬೋನಿನ ಹೊರಗೆ ಕೂತು ಒಳಗಿನ ಮೀನನ್ನು ಪಂಜದಲ್ಲಿ ಎಳೆಯಲು ನೋಡುತ್ತಾನೆ. ಅವನು ಪಕ್ಕದ ಸೊಸೈಟಿಯವನು. ಅವರ ಕಸದ ಡಬ್ಬಿಗೆ ಮುಚ್ಚಳವಿಲ್ಲ. ಮಳೆಗಾಲದಲ್ಲಿ ಗಾಯ ಒಣಗುವುದಿಲ್ಲ ಅಂತ ನಾವು ಆಪರೇಷನ್ ನಿಲ್ಲಿಸುತ್ತೇವೆ. ಅಷ್ಟರೊಳಗೆ ಅವರ ಸೆಕ್ರೆಟರಿ ಹತ್ತಿರ ಮುಚ್ಚಳದ ಮಾತು ಮುಗಿಸಬೇಕು.