ಬಸವನಗುಡಿಯಿಂದ ಜಪಾನಿನ ಮಕ್ಕಳಿಗೆ ಇಂಗ್ಲಿಷ್ ಪಾಠ

ಜಪಾನಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸದಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲವಿದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಬಸವನಗುಡಿಯ ನಮ್ಮ ಮನೆಯ ರೂಮಿನಲ್ಲಿ ಕೂತು ಪಾಠ ಮಾಡುತ್ತಾ ಮಾಡುತ್ತಾ ಗೊತ್ತಾಯಿತು.

ನಾನು ಸರ್ಕಾರಿ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. 2007ರಲ್ಲಿ ನಮ್ಮ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಆಗಿನಿಂದ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೇ ನನ್ನ ಕೆಲಸವಾಯಿತು. ರಿಟೈರ್ ಆದ ಮೇಲೆ, ಬಿಡದಿ ಕಡೆ ಕೆಲಸಕ್ಕೆಂದು ಬಂದಿದ್ದ ಒಂದು ಜಪಾನಿ ಕುಟುಂಬದ ಮಗಳಿಗೆ ಪಾಠ ಹೇಳಿದೆ. ಅವರು ತಮ್ಮ ಊರಿಗೆ ವಾಪಸ್ ಹೋದರು, ಪಾಠ ಮಾತ್ರ ವಿಡಿಯೋ ಕಾಲ್‌ನಲ್ಲಿ ಮುಂದುವರಿಯಿತು. ಅವರ ಪರಿಚಯದವರ ಮಕ್ಕಳೂ ಸೇರಿಕೊಂಡರು. ಅಲ್ಲಿ 2020ರಿಂದ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯವಾಗಿದೆ, ಮೂರು ಮತ್ತು ನಾಲ್ಕಕ್ಕೆ ಮಾತು, ಆಟದ ರೂಪದಲ್ಲಿದೆ. ಹಾಗಾಗಿ ಅಪ್ಪ ಅಮ್ಮಂದಿರಿಗೆ ಮೊದಲೇ ರೂಢಿ ಮಾಡಿಸುವ ಆಸೆ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಮಗು ಶಾಲೆ ಮುಗಿಸಿ ಸಂಜೆ ಐದಕ್ಕೆ ಕೂತರೆ ಇಲ್ಲಿ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿ ಆರಾಮಾಗಿ ಶುರು ಮಾಡಬಹುದು. ಇಪ್ಪತ್ತೈದು ನಿಮಿಷಕ್ಕಿಂತ ಜಾಸ್ತಿ ಕೂರಿಸುವುದಿಲ್ಲ.

ಅನುಕೂಲ ಏನು ಅಂತ ಹೇಳುತ್ತೇನೆ. ಜಪಾನಿ ವಾಕ್ಯದಲ್ಲೂ ಕ್ರಿಯಾಪದ ಕನ್ನಡದ ಹಾಗೆ ಕೊನೆಗೆ ಬರುತ್ತದೆ. 'ನಾನು ಸೇಬು ತಿನ್ನುತ್ತೇನೆ' ಅನ್ನುವ ಕ್ರಮವೇ ಅವರದ್ದೂ. ವಿಭಕ್ತಿ ಪ್ರತ್ಯಯದ ಕೆಲಸ ಮಾಡುವ ಪುಟ್ಟ ಪದಗಳೂ ನಾಮಪದ ಆದ ಮೇಲೆಯೇ ಬರುತ್ತವೆ. 'ಎ', 'ದಿ' ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ನಾವು 'ಎರಡು ನಾಯಿ' ಅನ್ನುತ್ತೇವೆ, ಬಹುವಚನ ಬೇಕೆನಿಸುವುದಿಲ್ಲ. ಅವರ ಮಕ್ಕಳೂ 'ಟು ಡಾಗ್' ಅನ್ನುತ್ತಾರೆ. ಕನ್ನಡ ಶಾಲೆಯ ಮಕ್ಕಳು ಎಲ್ಲೆಲ್ಲಿ ಎಡವುತ್ತಿದ್ದರೋ ಅಲ್ಲಲ್ಲೇ ಈ ಮಕ್ಕಳೂ ಎಡವುತ್ತಾರೆ. ಮಗು ಯಾಕೆ ಹಾಗೆ ಹೇಳಿತು ಅಂತ ನನಗೆ ಆ ಕ್ಷಣವೇ ಹೊಳೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹೌದು, ಇಲ್ಲ ಅನ್ನುವ ವಿಷಯ. 'ಡೋಂಟ್ ಯು ಲೈಕ್ ಮಿಲ್ಕ್?' ಅಂತ ಕೇಳಿದರೆ ಹಾಲು ಇಷ್ಟವಿಲ್ಲದ ಮಗು 'ಯೆಸ್' ಅನ್ನುತ್ತದೆ. ನಮ್ಮ ಮನೆಯಲ್ಲೂ ಅಷ್ಟೇ ಅಲ್ವಾ? 'ಹಾಲು ಬೇಡ್ವಾ?' ಅಂದರೆ 'ಹೂಂ, ಬೇಡ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ 'ನೋ' ಬರಬೇಕು. ಮಗುವಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದು ಬೇರೆಯವರು ತಿಳಿಯಬಹುದು. ಅದು ಚೆನ್ನಾಗಿಯೇ ಅರ್ಥ ಮಾಡಿಕೊಂಡಿರುತ್ತದೆ. ಅದಕ್ಕೇ ಆರಂಭದ ಮಕ್ಕಳಿಗೆ ಇಂಥ ಪ್ರಶ್ನೆಯನ್ನೇ ನಾನು ಕೇಳುವುದಿಲ್ಲ.

ವಾಕ್ಯದ ಕ್ರಮಕ್ಕೆ ಬಣ್ಣದ ಕಾರ್ಡ್ ಬಳಸುತ್ತೇನೆ. ಯಾರು ಅನ್ನುವುದಕ್ಕೆ ನೀಲಿ, ಏನು ಮಾಡಿದರು ಅನ್ನುವುದಕ್ಕೆ ಕೆಂಪು, ಏನನ್ನು ಅನ್ನುವುದಕ್ಕೆ ಹಸಿರು. ಮಕ್ಕಳೂ ತಮ್ಮ ಮನೆಯಲ್ಲಿ ಅಂಥವೇ ಕಾರ್ಡ್ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಕೆಂಪು ಕಾರ್ಡ್ ಕೊನೆಗೆ ಹೋಯಿತೆಂದರೆ ಸುಮ್ನೆ ಅದರ ಕಡೆ ಬೆರಳು ತೋರಿಸುತ್ತೇನೆ. ಅವರೇ ಎತ್ತಿ ನಡುವೆ ಇಡುತ್ತಾರೆ. ವ್ಯಾಕರಣದ ಹೆಸರುಗಳನ್ನು ಹೇಳುವುದೇ ಇಲ್ಲ. ಬಹುವಚನಕ್ಕೆ ಚನ್ನಪಟ್ಟಣದ ಮರದ ಆಟಿಕೆ. ಕ್ಯಾಮೆರಾ ಮುಂದೆ ಒಂದು ಇಟ್ಟರೆ ಒಂದು ಮಾತು, ಪಕ್ಕದಲ್ಲಿ ಇನ್ನೊಂದು ಇಟ್ಟರೆ ಕೊನೆಗೆ 'ಸ್' ಸೇರಿಸಬೇಕು. ಆ ಅರಗಿನ ಹೊಳೆಯುವ ಬಣ್ಣ ಸ್ಕ್ರೀನಿನಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ.

ಉಚ್ಚಾರಣೆಗೆ ನಿಜವಾಗಿ ಸಮಯ ಬೇಕು. ಜಪಾನಿಯಲ್ಲಿ ಹೆಚ್ಚುಕಡಿಮೆ ಪ್ರತಿ ವ್ಯಂಜನ ಆದ ಮೇಲೂ ಸ್ವರ ಬರಬೇಕು. ಬೇಸ್‌ಬಾಲ್ ಆಡುವ ಹುಡುಗರ ಬಾಯಲ್ಲಿ ಸ್ಟ್ರೈಕ್ 'ಸುತೊರಾಇಕು' ಆಗುತ್ತದೆ. ನಾವೂ ಬಸ್ಸು, ಕಾರು ಅನ್ನುವವರೇ. ಇದಕ್ಕೆ ಚಪ್ಪಾಳೆ ಆಟ ಆಡಿಸುತ್ತೇನೆ. ಮೊದಲು ಅವರ ರೀತಿಯಲ್ಲಿ ಐದು ಚಪ್ಪಾಳೆ, ಆಮೇಲೆ ಇಂಗ್ಲಿಷಿನ ಒಂದೇ ಚಪ್ಪಾಳೆ. ಐದನ್ನು ಒಂದರಲ್ಲಿ ತುಂಬಿಸಲು ಹೋಗಿ ನಗುತ್ತಾರೆ, ನಗುತ್ತಲೇ ಕಲಿಯುತ್ತಾರೆ.

ರ ಮತ್ತು ಲ ಅವರಲ್ಲಿ ಬೇರೆ ಬೇರೆ ಅಲ್ಲ. ಹಾಗಾಗಿ 'ಲೈಟ್', 'ರೈಟ್' ಎರಡೂ ಒಂದೇ ಥರ ಕೇಳಿಸುತ್ತವೆ. ಮೊದಲು ಹೇಳಿಸುವುದೇ ಇಲ್ಲ, ಬರೀ ಕೇಳಿಸುತ್ತೇನೆ. ನಾನು ಲ ಅಂದರೆ ಒಂದು ಕೈ, ರ ಅಂದರೆ ಇನ್ನೊಂದು ಕೈ ಎತ್ತಬೇಕು. ಕಿವಿ ಪಳಗಿದ ಮೇಲೆ ಕನ್ನಡಿ ಹಿಡಿಸುತ್ತೇನೆ. ಲ ಅನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗಿ ನಿಲ್ಲಬೇಕು, ಇಂಗ್ಲಿಷಿನ ರ ಅನ್ನುವಾಗ ಎಲ್ಲೂ ತಾಗಬಾರದು. ನನಗೂ ಅಭ್ಯಾಸ ಬೇಕು. ಕನ್ನಡದಲ್ಲಿ 'ವೆಸ್ಟ್' ಅಂತ ಬರೆದರೆ ಅದು ಪಶ್ಚಿಮವೂ ಹೌದು, ಬನಿಯನ್ನೂ ಹೌದು, ಇಂಗ್ಲಿಷಿನಲ್ಲಿ ಮಾತ್ರ ಎರಡರ ಉಚ್ಚಾರ ಬೇರೆ. ಕನ್ನಡದ ಒಂದೇ ವ ಎರಡಕ್ಕೂ ಸಾಲದು. ತುಟಿ ಯಾವಾಗ ದುಂಡಗಾಗಬೇಕು, ಕೆಳತುಟಿಗೆ ಹಲ್ಲು ಯಾವಾಗ ತಾಗಬೇಕು ಅಂತ ದಿನವೂ ಕನ್ನಡಿ ಮುಂದೆ ನೋಡಿಕೊಳ್ಳುತ್ತೇನೆ.

ಆರು ಏಳು ವರ್ಷದ ಮಕ್ಕಳಿಗೆ ಕೂತು ಮಾತಾಡಿಸುವುದಕ್ಕಿಂತ ಓಡಾಡಿಸುವುದು ವಾಸಿ. 'ಕೆಂಪು ವಸ್ತು ತಾ', 'ಮೂಗು ಮುಟ್ಟು' ಅಂತ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅವರು ಓಡಿ ಹೋಗಿ ತರುತ್ತಾರೆ. ಮಾತಿಗೆ ಮೈಯಿಂದ ಉತ್ತರ ಕೊಡಿಸುವ ಈ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದರು. ಬಾಯಿ ತೆರೆಯಲು ನಾಚುವ ಮಗುವೂ ಇದರಲ್ಲಿ ಸೇರಿಕೊಳ್ಳುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ನನ್ನ ಕ್ಲಾಸಿನ ಮಕ್ಕಳಲ್ಲಿ ಎಷ್ಟೋ ಜನ ಸರಿಯಾದ ಉತ್ತರ ಸಿದ್ಧವಾಗುವ ತನಕ ಸುಮ್ಮನಿರುತ್ತಾರೆ. ಆ ಸಮಯವನ್ನು ಟೀಚರ್ ಕಿತ್ತುಕೊಳ್ಳಬಾರದು.

ಕೆಲವು ತಾಯಂದಿರು ನಿಮ್ಮ ಮಾತಿನ ಧಾಟಿ ಮಗುವಿಗೆ ಬಂದುಬಿಟ್ಟರೆ ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ. ಸ್ಪಷ್ಟವಾಗಿ, ನಿಧಾನವಾಗಿ, ತಪ್ಪಿಲ್ಲದೆ ಮಾತಾಡುವುದು ನನ್ನ ಹೊಣೆ, ಬೇರೆ ದೇಶದ ಧ್ವನಿಗಳನ್ನೂ ಆಡಿಯೋದಲ್ಲಿ ಕೇಳಿಸುತ್ತೇನೆ ಅನ್ನುತ್ತೇನೆ. ತಿಂಗಳಿಗೊಮ್ಮೆ ಒಂದೇ ಚಿತ್ರ ತೋರಿಸಿ ಮಗು ಹೇಳಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತೇನೆ. ಹಿಂದಿನ ತಿಂಗಳದ್ದನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಕೇಳಿದರೆ ಅವರಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಶುರು ಮಾಡಬೇಕೆಂದಿರುವ ಟೀಚರ್‌ಗಳು ಒಂದಿಬ್ಬರು ಮಕ್ಕಳಿಂದ ಶುರು ಮಾಡಿ. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿಕೊಳ್ಳಿ, ಕರೆಂಟ್ ಹೋದರೂ ಕ್ಲಾಸ್ ನಿಲ್ಲುವುದಿಲ್ಲ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂತುಕೊಳ್ಳಿ, ಮಕ್ಕಳು ನಿಮ್ಮ ತುಟಿ ನೋಡಬೇಕು.