ಸಣ್ಣ ಊರಲ್ಲಿದ್ದುಕೊಂಡೇ ತಮ್ಮನಿಗೆ ಚಿಕಿತ್ಸೆ ಕೊಡಿಸಿದ್ದು

ನಮ್ಮದು ಸಣ್ಣ ಊರು, ಮನೋವೈದ್ಯರು ಇರುವುದು ದೂರದ ದೊಡ್ಡ ಊರಲ್ಲಿ. ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ ಏರುತ್ತದೆ, ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ. ಅವನ ಜೊತೆ ಓಡಾಡಿ ನನಗೆ ಗೊತ್ತಾದದ್ದು ಇಷ್ಟು: ಮನೋವೈದ್ಯರೇ ಆಗಬೇಕಾದ ಕೆಲಸ ನಾವು ಅಂದುಕೊಂಡಷ್ಟು ಜಾಸ್ತಿ ಇರುವುದಿಲ್ಲ. ಕಾಯಿಲೆ ಗುರುತಿಸಲು, ಮಾತ್ರೆ ಶುರು ಮಾಡಲು, ಬದಲಿಸಲು ಅವರೇ ಬೇಕು. ಆಮೇಲಿನ ರಕ್ತಪರೀಕ್ಷೆ, ತೂಕ, ಮಾಮೂಲಿ ಚೀಟಿ ಎಲ್ಲ ಮನೆ ಹತ್ತಿರದ ಡಾಕ್ಟರ ಬಳಿಯೇ ಆಗುತ್ತದೆ.

ಮೊದಲ ಸಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಫೀಸು ಕಡಿಮೆ, ಕಾಯುವುದು ಜಾಸ್ತಿ. ಕಲಿಯುತ್ತಿರುವ ಕಿರಿಯ ಡಾಕ್ಟರು ಮೊದಲು ಕೂರಿಸಿಕೊಂಡು ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಅದು ನಮಗೆ ಲಾಭವೇ ಆಯಿತು, ಅಷ್ಟು ಪುರುಸೊತ್ತಾಗಿ ಯಾರೂ ಕೇಳಿರಲಿಲ್ಲ.

ಹೊರಡುವ ಮುಂಚೆ ನಮ್ಮೂರಿನ ಡಾಕ್ಟರಿಗೆ ಒಂದು ಪತ್ರ ಬರೆಸಿಕೊಂಡೆ. ಕಾಯಿಲೆ ಏನು, ಯಾವ ಮಾತ್ರೆ ಎಷ್ಟು, ಯಾವ ಪರೀಕ್ಷೆ ಯಾವಾಗ, ಏನಾದರೆ ತಕ್ಷಣ ಕಳಿಸಬೇಕು. ಊರಿನ ಡಾಕ್ಟರು 'ಇದು ನನ್ನ ವಿಷಯ ಅಲ್ಲ' ಎಂದು ಹಿಂಜರಿದರು. ಪತ್ರ ಓದಿದ ಮೇಲೆ ಒಪ್ಪಿದರು. ಸಾಮಾನ್ಯ ವೈದ್ಯರೂ ಈ ಕಾಯಿಲೆಗಳನ್ನು ನೋಡಿಕೊಳ್ಳಲಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದೆ.

ಇನ್ನು ಮಾತ್ರೆ. ತಮ್ಮನದು ಲಿಥಿಯಂ. ಮೇನಿಯಾಕ್ಕೆ, ಅಂದರೆ ಆ ಅತಿ ಉತ್ಸಾಹದ ಹಂತಕ್ಕೆ, ಇದು ಕೆಲಸ ಮಾಡುತ್ತದೆ ಎಂದು ವೈದ್ಯಲೋಕಕ್ಕೆ ಗೊತ್ತಾಗಿದ್ದು 1949ರಲ್ಲಿ. ಅಷ್ಟು ಹಳೆಯ ಔಷಧಿಗೆ ದುಬಾರಿ ಹೆಸರು ಬೇಕಿಲ್ಲ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ದಪ್ಪ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಸಣ್ಣದಾಗಿ 'ಲಿಥಿಯಂ ಕಾರ್ಬೋನೇಟ್' ಎಂದಿರುತ್ತದೆ. ನಮಗೆ ಬೇಕಾದದ್ದು ಆ ಸಣ್ಣ ಅಕ್ಷರ. ಜನರಿಕ್, ಅಂದರೆ ಕಂಪನಿ ಇಟ್ಟ ಹೆಸರಲ್ಲದೆ ಔಷಧಿಯ ಹೆಸರಲ್ಲೇ, ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಿದೆ. ಆದರೆ ಲಿಥಿಯಂ ವಿಷಯದಲ್ಲಿ ಒಂದು ಎಚ್ಚರ ಬೇಕು. ಅಗ್ಗದ್ದು ಸಿಕ್ಕಿತೆಂದು ಪದೇ ಪದೇ ಕಂಪನಿ ಬದಲಿಸಬಾರದು. ಸಾದಾ ಮಾತ್ರೆಯೂ ನಿಧಾನವಾಗಿ ಕರಗುವ ಮಾತ್ರೆಯೂ ಒಂದೇ ಅಲ್ಲ. ಬದಲಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಎಷ್ಟಿದೆ ಎಂದು ಮತ್ತೆ ನೋಡಿಸಬೇಕು.

ಆ ಪರೀಕ್ಷೆಗೆ ಹೊತ್ತು ಮುಖ್ಯ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದಮೇಲೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ನಂತರವೇ. ಮೊದಲೇ ನುಂಗಿ ಹೋದರೆ ಮಟ್ಟ ಸುಮ್ನೆ ಜಾಸ್ತಿ ಕಾಣುತ್ತದೆ, ಡೋಸ್ ವಿನಾಕಾರಣ ಕಡಿಮೆ ಆಗಬಹುದು. ಕಿಡ್ನಿ, ಥೈರಾಯ್ಡ್ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿದರೆ ಒಂದೇ ಓಡಾಟ.

ದೊಡ್ಡ ಊರಿನ ಡಾಕ್ಟರ ಜೊತೆ ಈಗ ಫೋನಲ್ಲೇ ಮಾತು. ರಿಪೋರ್ಟಿನ ಜೊತೆ ನೋಟ್‌ಬುಕ್ಕಿನ ಒಂದು ಪುಟ ಕಳಿಸುತ್ತೇನೆ. ದಿನಾ ಎಷ್ಟು ಗಂಟೆ ನಿದ್ದೆ, ಮಾತ್ರೆ ತಪ್ಪಿತಾ, ಖರ್ಚು ವಿಪರೀತ ಆಯಿತಾ, ಇಷ್ಟೇ. ನಿದ್ದೆ ಕಡಿಮೆ ಆಗುತ್ತಾ ಬಂದರೂ ಅವನು ಉತ್ಸಾಹದಲ್ಲೇ ಇದ್ದರೆ ಮುಂದಿನ ಭೇಟಿಗೆ ಕಾಯುವುದಿಲ್ಲ, ಅವತ್ತೇ ಫೋನ್. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ತೂರಾಡುವುದು, ಸಾಯುವ ಮಾತು ಇವಕ್ಕೆ ಫೋನೂ ಬೇಡ, ನೇರ ಆಸ್ಪತ್ರೆ.

ಮೆಡಿಕಲ್ ಶಾಪಿನವರಿಗೂ ಲಿಥಿಯಂ ವಿಷಯ ಹೇಳಿಟ್ಟಿದ್ದೇನೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ರಕ್ತದಲ್ಲಿ ಲಿಥಿಯಂ ಏರಿಸುತ್ತದೆ ಅಲ್ವಾ, ಕೇಳದೆ ಕೊಡಬಾರದು. ಮಾತ್ರೆ ಒಂದು ವಾರಕ್ಕೆ ಆಗುವಷ್ಟು ಉಳಿದಾಗಲೇ ತರಿಸಲು ಹೇಳುತ್ತೇನೆ, ಯಾಕೆಂದರೆ ತಟ್ಟನೆ ನಿಂತರೆ ಕಾಯಿಲೆ ಮರುಕಳಿಸಬಹುದು. ಹಾಗಂತ ತುಂಬಾ ತಂದು ಮನೆಯಲ್ಲಿ ಇಡುವುದೂ ಇಲ್ಲ. ಮಿತಿಮೀರಿದರೆ ಅದೇ ವಿಷ. ಡಬ್ಬಿ ನನ್ನ ಬೀರುವಿನಲ್ಲಿದೆ, ಅದಕ್ಕೆ ತಮ್ಮನೂ ಒಪ್ಪಿದ್ದಾನೆ.